ಅಮ್ಮನ ಸಿಮೆಂಟು ಕೋಳಿಯ ಮೇಲೆ ಕೂರಲೊಲ್ಲದ ಪಾಚಿಗೆ

ಮಾನ್ಯ ಪಾಚಿಯವರ ಸನ್ನಿಧಿಗೆ,
ವಾಸ: ನಮ್ಮ ಮನೆಯ ಹೆಂಚು, ನಮ್ಮ ಯಜಮಾನರ ಕಾರಿನ ಕಿಟಕಿಯಂಚು, ಸೇಂಟ್ ಆಸ್ವಾಲ್ಡ್ ಚರ್ಚಿನ ಉತ್ತರದ ಗೋಡೆ, ಮತ್ತು ಯಾರ್ಕ್‌ಷೈರಿನಲ್ಲಿ ಬೇಡವೆಂದ ಕಡೆಯಲ್ಲೆಲ್ಲ.

ಮಾನ್ಯರೇ,

ತಾವು ಹಸಿರಾಗಿ, ಒದ್ದೆಯಾಗಿ, ಸಪರಿವಾರ ಸುಖವಾಗಿದ್ದೀರೆಂದು ಕಣ್ಣಾರೆ ಕಂಡು ಸಂತೋಷಪಟ್ಟು ಈ ಪತ್ರ ಬರೆಯುತ್ತಿದ್ದೇನೆ. ಸೃಷ್ಟಿಯ ಮೂರನೆಯ ದಿನ ದೇವರು ಹಸಿರು ಮೊಳೆಯಲಿ ಎಂದು ಒಂದು ಮಾತು ಹೇಳಿದ್ದೇ ತಡ, ಸಂಜೆಯೊಳಗೆ ಇಡೀ ಭೂಮಿಯನ್ನು ಆವರಿಸಿಕೊಂಡ ಮನೆತನ ತಮ್ಮದು. ಅಂಥವರಿಗೆ ಒಂದು ಕೋಳಿಯ ಬೆನ್ನು ಹತ್ತಲು ಇಡೀ ಬೇಸಿಗೆ ಸಾಲದೇ ಹೋಯಿತೇ ಎಂಬುದಷ್ಟೇ ನನ್ನ ವಿನಮ್ರ ಸಂಶಯ.

ವಿಷಯ ತಮಗೆ ತಿಳಿಯದ್ದೇನಲ್ಲ, ಆದರೂ ಅರಿಕೆ ಮಾಡುತ್ತೇನೆ. ಹೋದ ಚಳಿಗಾಲ ನಮ್ಮಮ್ಮ ಎಡಿತ್ ತೀರಿಕೊಂಡಳು. ಬದುಕಿದ್ದಷ್ಟು ಕಾಲ ಕೋಳಿ ಸಾಕಿದವಳು. ಹಾಸಿಗೆ ಹಿಡಿದ ಮೇಲೆ ನನ್ನನ್ನು ಹತ್ತಿರ ಕರೆದು, "ನನ್ನ ತಲೆ ಹತ್ರ ರೆಕ್ಕೆ ಹಚ್ಚಿದ ದೇವದೂತನ್ನ ನಿಲ್ಲಿಸ್ಬೇಡ ಕಣೇ. ರೆಕ್ಕೆ ಬೇಕೇ ಬೇಕು ಅಂದ್ರೆ ಒಂದು ಕೋಳಿ ಇಡು. ಅದು ನೋಡಿದವರನ್ನ ಅಳಿಸೋದಿಲ್ಲ" ಅಂದಿದ್ದಳು. ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಕಲ್ಲುಕುಟಿಗರಿಂದ ಕೆತ್ತಿಸುವ ಶಕ್ತಿ ನಮಗಿಲ್ಲ. ಆದ್ದರಿಂದ ಈ ಊರಿನ ಹೆಂಗಸರು ಹೂದೋಟಕ್ಕೆ ಮೊಲ, ಅಣಬೆ, ಮುಳ್ಳುಹಂದಿ ಮಾಡಿಕೊಳ್ಳುವ ಹಾಗೆಯೇ ನಾನೂ ಮಾಡಿದೆ. ಮೊಟ್ಟೆ ತುಂಬಿಡಲು ಅಮ್ಮ ಬಳಸುತ್ತಿದ್ದ ಪಿಂಗಾಣಿ ಪಾತ್ರೆಯ ಮುಚ್ಚಳ ಕಾವಿಗೆ ಕೂತ ಕೋಳಿಯ ಆಕಾರದ್ದು, ಕೊಕ್ಕಿನ ತುದಿ ಮಾತ್ರ ಎಂದೋ ಮುರಿದದ್ದು. ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಬೋಗುಣಿಯಲ್ಲಿ ಒದ್ದೆ ಮರಳು ತುಂಬಿ, ಆ ಮುಚ್ಚಳವನ್ನು ತಲೆಕೆಳಗಾಗಿ ಒತ್ತಿ ತೆಗೆದು, ಉಳಿದ ಗುಳಿಯೊಳಗೆ ಬಿಳಿ ಸಿಮೆಂಟು, ಮರಳು, ಜವುಗುಮಣ್ಣು ಕಲಸಿ ಸುರಿದು, ಗೋಣಿ ಹೊದಿಸಿ ಬಿಟ್ಟೆ. ಆರಿದ ಮೇಲೆ ಎಬ್ಬಿಸಿದರೆ ಕೋಳಿ ಮುರಿದ ಕೊಕ್ಕಿನ ಸಮೇತ ಎದ್ದು ಬಂತು.

ಅಮ್ಮನ ಸಮಾಧಿಯ ಮೇಲೆ ಅದನ್ನು ಕೂರಿಸಿದ ಮರುದಿನವೇ ಚರ್ಚಿನ ಮೇಲ್ವಿಚಾರಕಿ ಬೆರಿಲ್ ಸಟ್‌ಕ್ಲಿಫ್ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಕೆಲಸ ಚೆನ್ನಾಗಿದೆ ಡೋರೀನ್, ಇಲ್ಲ ಅನ್ನಲ್ಲ. ಆದ್ರೆ ಹೊಸದಾಗಿ ಕಟ್ಟಿಸಿಕೊಂಡ ಹಲ್ಲಿನ ಹಾಗೆ ಬೆಳ್ಳಗೆ ಕಾಣ್ತಿದೆ. ಈ ಹಳೇ ಕಲ್ಲುಗಳ ಮಧ್ಯೆ ಹೊಂದೋದಿಲ್ಲ" ಎಂದು ತೀರ್ಪು ಕೊಟ್ಟರು. ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಕೋಳಿಗೆ ಬೈಬಲಿನಲ್ಲಿ ಕರ್ತನೇ ತನ್ನನ್ನು ಹೋಲಿಸಿಕೊಂಡಿಲ್ಲವೇ ಎಂದು ಕೇಳಿದೆ. "ಆತ ಸಿಮೆಂಟಿನ ಕೋಳಿ ಅಂದಿರಲಿಲ್ಲ" ಅಂದರು. ಕೊನೆಗೆ ಸಮಿತಿಯವರು ಕರುಣೆಯಿಟ್ಟು, ಸತ್ತವರ ಹೆಸರು ಓದಿ ಪ್ರಾರ್ಥಿಸುವ ನವೆಂಬರಿನ ಆ ದಿನದೊಳಗೆ ಕೋಳಿಗೆ ಪಾಚಿ ಹಿಡಿದು ಹಳಬರ ಕಳೆ ಬಂದರೆ ಅಲ್ಲೇ ಇರಲಿ, ಇಲ್ಲದಿದ್ದರೆ ಮನೆಗೆ ಒಯ್ಯತಕ್ಕದ್ದು ಎಂದು ಗಡುವು ಹಾಕಿದರು. ಹೀಗೆ ನಮ್ಮಮ್ಮನ ಕಡೆಯ ಆಸೆ ತಮ್ಮ ಪಾದಕ್ಕೆ ಬಂದು ಬಿತ್ತು, ತಮಗೆ ಪಾದವೆಂಬುದೊಂದು ಇದ್ದರೆ.

ಹೊಸ ಕಲ್ಲಿಗೆ ಮೊಸರು ಬಳಿದರೆ ತಾವು ಓಡೋಡಿ ಬರುತ್ತೀರೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ಎಲ್ಲರೂ ಬಳಿಯುತ್ತಾರೆ. ಮೊಸರು ತನ್ನಿ ಎಂದು ನಮ್ಮ ಯಜಮಾನರಾದ ಕ್ಲಿಫ್ ಅವರನ್ನು ಕಳಿಸಿದೆ. ಅವರು ಸ್ಟ್ರಾಬೆರಿ ಮೊಸರು ತಂದು, "ಪಾಚಿಗೆ ನಾಲಿಗೆ ಇದ್ಯೇನೇ? ಬಳಿ ಸುಮ್ನೆ" ಅಂದರು. ಬಳಿದೆ. ಕೋಳಿ ಗುಲಾಬಿ ಬಣ್ಣಕ್ಕೆ ತಿರುಗಿತು. ಊರಿನ ಕಣಜಗಳೆಲ್ಲ ಅಮ್ಮನಿಗೆ ಗೌರವ ಸಲ್ಲಿಸಲು ಬಂದವು. ತೊಳೆದು ಸಪ್ಪೆ ಮೊಸರು ಬಳಿದರೆ ಪಾದ್ರಿಗಳ ಬೆಕ್ಕು ಬಾಲದಿಂದ ಕೊಕ್ಕಿನವರೆಗೆ ನೆಕ್ಕಿ, ಮೊದಲಿಗಿಂತ ಬೆಳ್ಳಗೆ ಮಾಡಿಟ್ಟಿತು. ಪ್ರಾರ್ಥಿಸೋಣವೇ ಎಂದು ಪಾದ್ರಿಗಳನ್ನೇ ಕೇಳಿದರೆ, "ಮಳೆಗೆ ಪ್ರಾರ್ಥನೆ ಇದೆ, ಪೈರಿಗೆ ಇದೆ. ಪಾಚಿಗೆ ಯಾರೂ ಬರೆದಿಲ್ಲವಲ್ಲಮ್ಮ" ಎಂದು ಕೈಚೆಲ್ಲಿದರು. ಅವರ ಬೆಕ್ಕು ಅಲ್ಲೇ ಬಾಯಿ ಒರೆಸಿಕೊಳ್ಳುತ್ತಿತ್ತು.

ಅಷ್ಟರಲ್ಲಿ ತಾವು ಕ್ಲಿಫ್ ಅವರ ಹಳೇ ಬೂಟಿನಲ್ಲಿ ಸಂಸಾರ ಹೂಡಿದಿರಿ. ಆಹ್ವಾನವಿಲ್ಲದೆ ಹೀಗೆ ಕೃಪೆ ತೋರುವ ತಮ್ಮ ದೊಡ್ಡ ಗುಣವನ್ನು ಹೊಗಳಲು ನನ್ನ ಹಳ್ಳಿಶಾಲೆಯ ಓದು ಸಾಲದು. ಆದ್ದರಿಂದ ನನ್ನ ಕೋರಿಕೆಗಳಿಷ್ಟೇ: ತಮ್ಮ ಬೂಟಿನ ಶಾಖೆಯಿಂದ ಕೆಲವರನ್ನು ಸಮಾಧಿಗೆ ವರ್ಗಾಯಿಸುವುದು, ಮುನ್ನೂರು ವರ್ಷದ ಕೆಲಸವನ್ನು ಬೆರಿಲ್ ಪರೀಕ್ಷಿಸಲು ಬರಲಿರುವ ಈ ಭಾನುವಾರದೊಳಗೆ ಮುಗಿಸಿಕೊಡುವುದು, ಅದೂ ಆಗದಿದ್ದರೆ ಬೆರಿಲ್ ಅವರ ಕನ್ನಡಕದ ಮೇಲಾದರೂ ಬೆಳೆಯುವುದು.

ಇಷ್ಟು ಬರೆದ ಮೇಲೆ ಒಂದು ನೆನಪಾಗುತ್ತಿದೆ. ನಮ್ಮಮ್ಮನೂ ಹೀಗೆಯೇ. ಭಾನುವಾರದ ಚಹಾಕ್ಕೆ ಕೇಕು ಮಾಡಿ, ಒಳ್ಳೆಯ ಕಪ್ಪು ತೆಗೆದಿಟ್ಟು ಕರೆದರೆ ಬರುತ್ತಿರಲಿಲ್ಲ. ಸೋಮವಾರ ನಾನು ಬಟ್ಟೆಯ ರಾಶಿಯ ನಡುವೆ ತಲೆ ಕೆದರಿಕೊಂಡು ನಿಂತಿರುವಾಗ ಬಾಗಿಲು ತಳ್ಳಿಕೊಂಡು ಬಂದು, ಕಪಾಟಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದಳು. ತಮಗೂ ಅವಳಿಗೂ ಏನಾದರೂ ನಂಟಿದ್ದರೆ ಮೊದಲೇ ತಿಳಿಸಬಹುದಿತ್ತು. ಇಷ್ಟೊಂದು ಮೊಸರು ಉಳಿಯುತ್ತಿತ್ತು.

ತಮ್ಮ ದಾರಿ ಕಾಯುತ್ತಾ ಮಂಡಿ ಒದ್ದೆ ಮಾಡಿಕೊಂಡಿರುವ,
ತಮ್ಮ ವಿಶ್ವಾಸಿ,
ಡೋರೀನ್ ಆಕ್‌ರಾಯ್ಡ್

ತಾ.ಕ.: ಪತ್ರ ಅಂಚೆಗೆ ಹಾಕುವ ಮುನ್ನ ಭಾನುವಾರ ಬಂದೇಬಿಟ್ಟಿತು. ಬೆರಿಲ್ ಕನ್ನಡಕ ಏರಿಸಿ, ಕೋಳಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿದರು. ನಾನು ಬೇಸಿಗೆಯೆಲ್ಲ ಉಣಿಸಿದ ಬೆನ್ನಿನ ಮೇಲೆ ತಾವಿರಲಿಲ್ಲ. ಮೊಸರಿನ ಒಂದು ಹನಿಯನ್ನೂ ತಾಗಿಸದ ಮುರಿದ ಕೊಕ್ಕಿನಡಿ, ಉಗುರಿನಷ್ಟಗಲ, ಹಸಿರಾಗಿ, ಏನೂ ಅರಿಯದವರಂತೆ ಕೂತಿದ್ದಿರಿ. ಬೆರಿಲ್ ನೆಟ್ಟಗಾಗಿ, "ಎಡಿತ್ ಥರಾನೇ ಮೂತಿ ಮಾಡ್ಕೊಂಡು ಕೂತಿದೆ. ಇರ್ಲಿ ಬಿಡು" ಅಂದರು. ಧನ್ಯವಾದಗಳು. ಆದರೆ ಹೆಸರು ಓದುವ ದಿನಕ್ಕೆ ಎಲ್ಲವೂ ಹೊಸದರಂತೆ ಹೊಳೆಯಬೇಕೆಂದು ಸಮಿತಿ ತೀರ್ಮಾನಿಸಿದೆ. ಈ ಶನಿವಾರ ಅದೇ ಬೆರಿಲ್, ಬಕೆಟ್ಟು ಮತ್ತು ಗಟ್ಟಿ ಬ್ರಷ್ಷು ಹಿಡಿದು ಕಲ್ಲುಕಲ್ಲಿನ ಮೇಲಿನ ಪಾಚಿ ಉಜ್ಜಲು ಬರುತ್ತಾರೆ. ಅಂದು ಮಾತ್ರ ತಾವು ಕೊಕ್ಕಿನಡಿಯಿಂದ ತಲೆ ಹೊರಹಾಕಬಾರದೆಂದು ಪ್ರಾರ್ಥನೆ. ಹಾಗೆ ಕೇಳಿದೆನೆಂಬ ಒಂದೇ ಕಾರಣಕ್ಕೆ ಹಾಕಿಯೇ ಹಾಕುತ್ತೀರಿ, ನಾನು ಬಲ್ಲೆ. ಆದ್ದರಿಂದ ನಾನೂ ಬೆಳಗಾಗುವುದರೊಳಗೆ ಅಲ್ಲಿಗೆ ಹೋಗಿ ಕೋಳಿಯ ಮುಂದೆ ಕೂತಿರುತ್ತೇನೆ.