ಕಣದಲ್ಲಿ ಒಣಗಿದ ಕೀಬೋರ್ಡು

ನಮ್ಮ ಮೂಡಿಗೆರೆ ಕಡೆ ಏನು ಕೆಟ್ಟರೂ ಕಾರಣ ಒಂದೇ, ಥಂಡಿ. ಬೆಂಕಿಕಡ್ಡಿ ಹತ್ತದಿದ್ದರೆ ಥಂಡಿ, ಮಂಡಿ ಹಿಡಿದುಕೊಂಡರೆ ಥಂಡಿ, ರೇಡಿಯೋ ಗೊರಗೊರ ಅಂದರೂ ಥಂಡಿ. ಮದ್ದೂ ಒಂದೇ, ಬಿಸಿಲಿಗೆ ಹಾಕುವುದು. ಈ ವೈದ್ಯವನ್ನು ಪೂರ್ತಿ ನಂಬಿದ ನಾನು ಇಪ್ಪತ್ತೆರಡು ವರ್ಷದಿಂದ ಜಾವಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಅಂದರೆ ಆಳುಗಳ ಹಾಜರಿ ಹಾಕುವವನು, ಆಫೀಸಿನ ಕಾಗದ ಪತ್ರ ನೋಡಿಕೊಳ್ಳುವವನು. ಕಂಪ್ಯೂಟರ್ ಬಂದ ಮೇಲೆ ಪೆನ್ನನ್ನು ಕಿವಿ ಕೆರೆದುಕೊಳ್ಳಲು ಮಾತ್ರ ಬಳಸಿದ್ದೇನೆ. ಕೀಬೋರ್ಡ್ ನೋಡದೆ ಟೈಪ್ ಮಾಡುವುದು ನನ್ನ ಹೆಗ್ಗಳಿಕೆ. ಎಸ್ಟೇಟಿನ ಯಜಮಾನರಾದ ಗೌಡ್ರ ಮನೆಗೆ ಬಂದ ನೆಂಟರ ಎದುರು ಕಿಟಕಿಯಾಚೆ ನೋಡುತ್ತ ಟೈಪ್ ಮಾಡಿ ತೋರಿಸಿದ್ದೂ ಉಂಟು. ತೋರಿಸು ಅಂತ ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ.

ಈ ಫೆಬ್ರವರಿಯಲ್ಲಿ ನಮ್ಮ ಎಸ್ಟೇಟಿನವರೆಗೆ ಬರುತ್ತಿದ್ದ ಒಂದೇ ಒಂದು ಬಸ್ಸು ನಿಂತುಹೋಯಿತು. ರಸ್ತೆ ಸರಿಯಿಲ್ಲವಂತೆ, ಮೇಲಿನ ತಿರುವಿನಲ್ಲೇ ವಾಪಸ್ಸು ತಿರುಗಿಸುತ್ತಿದ್ದರು. ಕೆಲಸ ಮುಗಿಸಿದ ಹೆಂಗಸರು ಆ ತಿರುವಿನವರೆಗೆ ಆನೆ ಓಡಾಡುವ ಮೂರು ಮೈಲಿಯನ್ನು ಸಂಜೆ ಮಬ್ಬಿನಲ್ಲಿ ನಡೆಯಬೇಕಾಯಿತು. ಬಸ್ಸಿನ ಮಾಲೀಕರು ಗುರುವಾರ ಮೂರು ಗಂಟೆಗೆ ಜಾವಳಿಗೆ ಬರುತ್ತಾರೆ, ಅರ್ಜಿ ಕೊಟ್ಟರೆ ನೋಡುತ್ತಾರೆ ಎಂದು ಸುದ್ದಿ ಬಂತು. ಕಾಫಿ ಒಣಗಿಸುವ ಕಣದ ಉಸ್ತುವಾರಿಯ ಮೇಸ್ತ್ರಿ ಗಿರಿಜಮ್ಮ ಆ ದಿನ ಬೆಳಿಗ್ಗೆಯೇ ಆಫೀಸಿಗೆ ಬಂದು, "ರೈಟ್ರೇ, ಒಂದು ಅರ್ಜಿ ಬರ್ಕೊಡಿ. ಮೊನ್ನೆ ಆನೆ ಕಂಡು ಓಡಿದ್ದಕ್ಕೆ ನನ್ನ ಕಾಲು ಇನ್ನೂ ಸರಿಯಾಗ್ಲಿಲ್ಲ" ಅಂದರು. "ಬರೆಯೋದೆಂತ ಗಿರಿಜಮ್ಮ, ಟೈಪೇ ಮಾಡಿಕೊಡ್ತೀನಿ. ಟೈಪ್ ಮಾಡಿದ್ರೇ ಅರ್ಜಿಗೆ ತೂಕ" ಎಂದೆ ದೊಡ್ಡ ಮನಸ್ಸಿನಿಂದ.

ತಿಂಡಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಶುರು ಮಾಡಿದೆ. 'ಮಾನ್ಯರೇ' ಎಂದು ಹೊಡೆದರೆ ಮಾನ್ಯರ ಜಾಗದಲ್ಲಿ ಮೊದಲಿಗೇ ಒಂದು ಸೊನ್ನೆ ಬಂದು ಕೂತಿತು. ಜಾವಳಿಯ 'ಜಾ'ಗೆ ಒಂದು, ಕಾಫಿಯ 'ಕಾ'ಗೆ ಎರಡು. ಬಲಗೈ ಬೆರಳು ಮುಟ್ಟಿದ್ದೆಲ್ಲ ಅಂಕಿ. ಕಂಪ್ಯೂಟರ್ ಆರಿಸಿ ಹಚ್ಚಿದೆ. ವೈರು ಕಿತ್ತು ಊದಿ ಮತ್ತೆ ಸಿಕ್ಕಿಸಿದೆ. ಕೀಬೋರ್ಡಿನ ಬೆನ್ನಿಗೆ ನಾಲ್ಕು ತಟ್ಟಿದೆ. ಕೊನೆಗೆ ರೋಗ ಗೊತ್ತಾಯಿತು. ಥಂಡಿ! ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲಿತ್ತು, ಆದರೆ ಕಳೆದ ಮಳೆಗಾಲದ್ದು ಒಳಗೇ ಉಳಿದಿರಬೇಕು ಎಂದು ತೀರ್ಮಾನಿಸಿದೆ.

ಚಮಚದ ಹಿಡಿಯಿಂದ ಕೀಲಿಗಳನ್ನೆಲ್ಲ ಒಂದೊಂದೇ ಎಬ್ಬಿಸಿ, ತೊಳೆದು, ಕಣದಲ್ಲಿ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯ ಪಕ್ಕ ಒಂದು ಗೋಣಿಯ ಮೇಲೆ ಹರವಿದೆ. ಗಿರಿಜಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಒಣಗಿದ್ದು ಹೆಂಗೆ ಗೊತ್ತಾಗೋದು ರೈಟ್ರೇ? ಕಾಫಿ ಆದ್ರೆ ಹಲ್ಲಲ್ಲಿ ಕಚ್ಚಿ ನೋಡಿ ಹೇಳ್ತಿದ್ದೆ." ತಮಾಷೆಯೆಂದು ಗೊತ್ತಿದ್ದರೂ ನಾನು ನಗಲಿಲ್ಲ. ಆಫೀಸಿನ ಕೆಲಸ ಕಣದವರಿಗೇನು ಗೊತ್ತು ಎಂದುಕೊಂಡು ಊಟಕ್ಕೆ ಹೋದೆ.

ನಮ್ಮ ಕಣದಲ್ಲಿ ಒಂದು ಕ್ರಮವಿದೆ. ಹರವಿದ್ದು ಯಾವುದೇ ಇರಲಿ, ಅರ್ಧ ಗಂಟೆಗೊಮ್ಮೆ ಮಗುಚಿಹಾಕಬೇಕು. ಆ ಕ್ರಮ ಮಾಡಿದವನೂ ನಾನೇ, ತಪ್ಪಿದವರನ್ನು ಬೈಯುವವನೂ ನಾನೇ. ಹಾಗಾಗಿ ಹೆಂಗಸರು ಗೋಣಿಯನ್ನೂ ಬಿಡದೆ ಶ್ರದ್ಧೆಯಿಂದ ಮಗುಚಿದ್ದರು. ನಾನು ಬರುವಷ್ಟರಲ್ಲಿ ನನ್ನ ಅಕ್ಷರಮಾಲೆ ಕಾಫಿಯೊಳಗೆ ಕಲೆತುಹೋಗಿತ್ತು. ಆರು ಜನ ಕೂತು ಆರಿಸಿದೆವು. ಮೂರು ಕೀಲಿ ಸಿಗಲೇ ಇಲ್ಲ.

ಇದ್ದಷ್ಟನ್ನು ಜೋಡಿಸಲು ಕೂತಾಗ ಇನ್ನೊಂದು ಸತ್ಯ ಹೊರಬಿತ್ತು. ಇಪ್ಪತ್ತು ವರ್ಷ ನೋಡದೇ ಟೈಪ್ ಮಾಡಿದವನಿಗೆ ಯಾವುದು ಎಲ್ಲಿತ್ತೆಂದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದರೆ ಬೆರಳು ಕುಣಿಯುತ್ತಿತ್ತೇ ಹೊರತು ತಲೆಗೆ ಏನೂ ಹೊಳೆಯುತ್ತಿರಲಿಲ್ಲ. ನನಗೆ ತೋಚಿದ ಹಾಗೆ ಕೂರಿಸಿದೆ. ಸೊನ್ನೆ ಹಾಗೇ ಬಂತು.

ಗಂಟೆ ಎರಡಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಹೊರಗೆ ಅಷ್ಟೂ ಹೆಂಗಸರು ನನ್ನನ್ನೇ ನೋಡುತ್ತ ನಿಂತಿದ್ದರು. ಗಿರಿಜಮ್ಮ ಒಳಗೆ ಬಂದು, "ಒಂದು ಬಿಳಿ ಹಾಳೆ ಕೊಡಿ ಮಾರಾಯ್ರೇ, ನಾನೇ ಬರೀತೀನಿ" ಅಂದರು.

"ಕೈಯಲ್ಲಿ ಬರೆದ್ರೆ ತೂಕ ಇರೋದಿಲ್ಲ ಗಿರಿಜಮ್ಮ."

"ದಿನಾ ನಡೆಯೋರು ನಾವು. ತೂಕ ನಾವು ಹಾಕ್ತೀವಿ, ನೀವು ಹಾಳೆ ಕೊಡಿ."

ನನ್ನ ಕಿವಿಯ ಮೇಲಿದ್ದ ಪೆನ್ನನ್ನೇ ತೆಗೆದುಕೊಂಡು, ಮೇಜಿನ ತುದಿಯಲ್ಲಿ ಬಗ್ಗಿ ಬರೆದರು. ಒಂದು ಪುಟ, ಎಲ್ಲೂ ಹೊಡೆದುಹಾಕಿದ್ದಿಲ್ಲ. ಅಕ್ಷರ ನೋಡಿ ನಾನು ಕೀಬೋರ್ಡನ್ನು ಮೇಜಿನ ಮೂಲೆಗೆ ಸರಿಸಿದೆ. ಎಲ್ಲರೂ ರುಜು ಹಾಕಿ ಎಸ್ಟೇಟಿನ ಜೀಪಿನಲ್ಲಿ ಜಾವಳಿಗೆ ಹೊರಟರು.

ಸಂಜೆ ಅಮ್ಮಾವ್ರು, ಅಂದರೆ ಗೌಡ್ರ ಹೆಂಡತಿ, ಆಫೀಸಿಗೆ ಬಂದು ಕೀಬೋರ್ಡಿನ ಮೂಲೆಯ ಹಸಿರು ದೀಪ ತೋರಿಸಿ, "ಇದು ಯಾಕೆ ಉರೀತಿದೆ? ನಂಬರ್ ಲಾಕ್ ಅಲ್ವಾ?" ಎಂದು ಒಂದು ಗುಂಡಿ ಒತ್ತಿದರು. ದೀಪ ಆರಿತು, ಅಂಕಿಯೂ ನಿಂತಿತು. ಆ ಲಾಕ್ ಬಿದ್ದಿದ್ದರೆ ಬಲಗಡೆಯ ಅಕ್ಷರದ ಕೀಲಿಗಳೆಲ್ಲ ಅಂಕಿ ಹೊಡೆಯುತ್ತವಂತೆ. ಬೆಳಿಗ್ಗೆ ಆ ಗುಂಡಿಯನ್ನು ಒತ್ತಿದ್ದು ನನ್ನ ತಿಂಡಿ ಡಬ್ಬಿ. ಹಸಿರು ದೀಪ ಉರಿದರೆ ಎಲ್ಲ ಸರಿಯಿದೆ ಎಂದರ್ಥವೆಂದು ನಾನು ತಿಳಿದಿದ್ದೆ.

ಸೋಮವಾರ ಬಸ್ಸು ಬಂತು. ಟಿಕೆಟ್ ಕೊಡುತ್ತ ಕಂಡಕ್ಟರ್, "ರೈಟ್ರೇ, ನಿಮ್ಮ ಅರ್ಜಿಯ ಅಕ್ಷರ ನೋಡಿ ನಮ್ಮ ಮಾಲೀಕರು ಎಲ್ರಿಗೂ ತೋರಿಸಿದ್ರು, ಮುತ್ತು ಪೋಣಿಸಿದ ಹಾಗಿತ್ತಂತೆ" ಅಂದ. ನಾನು ಹಿಂದಿನ ಸೀಟಿನ ಗಿರಿಜಮ್ಮನ ಕಡೆ ತಿರುಗದೆ, "ಏನೋ, ಅಭ್ಯಾಸ" ಎಂದೆ. ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಥಂಡಿ ಇರಬೇಕು.

ಆ ಮಾತು ಗೌಡ್ರ ಕಿವಿಗೂ ಮುಟ್ಟಿ, ಇನ್ನು ಮೇಲೆ ಎಸ್ಟೇಟಿನ ಕಾಗದಗಳೆಲ್ಲ ರೈಟ್ರ ಕೈಬರಹದಲ್ಲೇ ಹೋಗಬೇಕೆಂದು ಅಪ್ಪಣೆಯಾಗಿದೆ. ಈಗ ದಿನಾ ಮಧ್ಯಾಹ್ನ ಊಟ ಬಿಟ್ಟು ಕಣದ ಮೂಲೆಯಲ್ಲಿ ಕೂರುತ್ತೇನೆ. ಗಿರಿಜಮ್ಮ ಹಾಳೆಯ ಮೇಲೆ ಅ, ಆ ಬರೆದುಕೊಡುತ್ತಾರೆ, ನಾನು ಅದರ ಮೇಲೆ ತಿದ್ದುತ್ತೇನೆ. ಅರ್ಧ ಗಂಟೆಗೊಮ್ಮೆ ಬಂದು ನೋಡಿ, "ಇನ್ನೂ ಹಸಿ ಉಂಟು ರೈಟ್ರೇ" ಎಂದು ಹೇಳಿ ಹೋಗುತ್ತಾರೆ.