ಬೂದಿಗೊರಳ ಕಾಗೆ, ಕರಿಗೊರಳ ಕಾಗೆ

ಬಾಯಿ ತಪ್ಪಿ ಆಡಿದ ಮಾತನ್ನು ಶಿವ ಸುಮ್ಮನೆ ಬಿಡುವುದಿಲ್ಲ; ಊರೂರು ತಿರುಗಿಸಿ, ಆಡಿದವನ ಬಾಗಿಲಿಗೇ ತಂದು ನಿಲ್ಲಿಸುತ್ತಾನೆ. ನನ್ನ ಪಾಲಿಗಂತೂ ಇಂಥವು ಆಗುತ್ತಲೇ ಇರುತ್ತವೆ. ನಾನು ಮಸ್ಕಿಯ ಅಯ್ಯನವರ ಮನೆಯವನು. ಭಕ್ತರ ಮನೆಗಳಲ್ಲಿ ಮದುವೆ, ದೀಕ್ಷೆ, ಮಣ್ಣು ಎಲ್ಲಕ್ಕೂ ಹೋಗಬೇಕಾದವನು. ಮಣ್ಣು ಮಾಡಿದ ಮೂರನೇ ದಿನ ಸಮಾಧಿಯ ಗದ್ದಿಗೆಯ ಮೇಲೆ ಎಡೆ ಇಟ್ಟು ಕಾಗೆಯ ದಾರಿ ಕಾಯುವುದು ನಮ್ಮ ಕಡೆಯ ಪದ್ಧತಿ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತೆಂದು ಅರ್ಥ. ಅಲ್ಲಿಯ ತನಕ ಮನೆಯವರು ಅನ್ನಕ್ಕೆ ಕೈ ಹಾಕುವಂತಿಲ್ಲ. ಹಾಗಾಗಿ ಕಾಗೆಯ ವಿಷಯದಲ್ಲಿ ಅಯ್ಯನವರು ನೋಡಿ ಮಾತಾಡಬೇಕು. ನಾನು ನೋಡದೆ ಮಾತಾಡಿದೆ.

೧. ಲಿಂಗಸೂಗೂರಿನಲ್ಲಿ ಆಡಿದ ಮಾತು

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ತಂದೆಯವರಿಗೆ ಕಣ್ಣು ಮಂಜಾಗಿ, ನಾನು ಹೊಸದಾಗಿ ಜೋಳಿಗೆ ಹಿಡಿದಿದ್ದೆ. ಲಿಂಗಸೂಗೂರಿನ ಗೌಡರೊಬ್ಬರ ತಂದೆಯ ಎಡೆಗೆ ಎರಡು ಕಾಗೆಗಳು ಒಟ್ಟಿಗೇ ಬಂದು ಕುಳಿತವು. ಒಂದರ ಕೊರಳು ಬೂದಿ ಬಣ್ಣ. ಇನ್ನೊಂದು ಚುಂಚಿನಿಂದ ಬಾಲದ ತನಕ ಅಚ್ಚ ಕಪ್ಪು.

"ಅಯ್ನೋರೇ, ಇವೆರಡರಾಗ ನಮ್ಮ ಅಪ್ಪನ ಕಾಗಿ ಯಾವುದ್ರೀ?" ಎಂದರು ಗೌಡರು.

ನನ್ನ ಕಣ್ಣಿಗೆ ಎರಡೂ ಕಾಗೆಯೇ. ಗೊತ್ತಿಲ್ಲ ಎನ್ನಲು ವಯಸ್ಸು ಬಿಡಲಿಲ್ಲ. "ಕೊರಳಿಗೆ ವಿಭೂತಿ ಹಚ್ಚಿಗೊಂಡು ಬಂದೈತಲ್ರೀ, ಅದು ಶಿವಭಕ್ತ ಕಾಗಿ. ಆ ಕರೀದಕ್ಕ ದೀಕ್ಷಾ ಆಗಿಲ್ಲ," ಎಂದುಬಿಟ್ಟೆ.

ನೆರೆದವರೆಲ್ಲ ತಲೆದೂಗಿದರು. ಗೌಡರು ಕರೀ ಕಾಗೆಗೆ ಕೈ ಮುಗಿದು, ಬಲು ಮರ್ಯಾದೆಯಿಂದ ಹೇಳಿದರು: "ನಿಮ್ಮ ಗದ್ದಿಗಿ ಇದಲ್ರೀ, ಮುಂದಿಂದು ನೋಡ್ರಿ."

೨. ಸಿಂಧನೂರಿನ ದೀಕ್ಷೆ

ನಾನು ಎತ್ತಿನ ಗಾಡಿಯಲ್ಲಿ ಸಿಂಧನೂರು ಮುಟ್ಟುವ ಮೊದಲೇ ನನ್ನ ಮಾತು ಅಲ್ಲಿಗೆ ಮುಟ್ಟಿತ್ತು. ಕಿರಾಣಿ ಸಾಹುಕಾರರೊಬ್ಬರ ತಂದೆಯ ಮೂರನೇ ದಿನ. ಬೇಲಿಯ ಮೇಲೆ ಬಂದು ಕುಳಿತದ್ದು ಒಂದೇ ಒಂದು ಕರೀ ಕಾಗೆ. ಸಾಹುಕಾರರು ಹಸಿವು ತಾಳುವ ಜೀವವಲ್ಲ. ಹೋಳಿಗೆಯ ಕಡೆಗೊಮ್ಮೆ, ಕಾಗೆಯ ಕಡೆಗೊಮ್ಮೆ ನೋಡಿದರು.

"ಅಯ್ನೋರೇ, ನಿಮ್ಮ ತಂದಿಯವರು ನಮಗೆಲ್ಲ ದೀಕ್ಷಾ ಕೊಟ್ಟಾರ. ನೀವು ಅದಕ್ಕೂ ಒಂದೀಟು ಕೊಟ್ಟುಬಿಡ್ರಲ್ಲ!"

ನಾನು ಬೇಡವೆನ್ನುವುದರೊಳಗೆ ನನ್ನ ಜೋಳಿಗೆಗೆ ಕೈ ಹಾಕಿ, ವಿಭೂತಿ ಗಟ್ಟಿಯನ್ನು ಹಿಚುಕಿ ಪುಡಿ ಮಾಡಿ, ಕಾಗೆಯ ಕೊರಳಿಗೆ ಗುರಿಯಿಟ್ಟು ತೂರಿದರು. ಎದುರುಗಾಳಿ! ಕಾಗೆ ಹಾರಿತು, ವಿಭೂತಿಯೆಲ್ಲ ನನ್ನ ಮೋರೆಗೆ ಬಂತು. ನಾನು ಸೀನಿ ಸೀನಿ ಕಣ್ಣು ಬಿಡುವಷ್ಟರಲ್ಲಿ ಎಲ್ಲಿಂದಲೋ ಒಂದು ಬೂದಿಗೊರಳ ಕಾಗೆ ಬಂದು ಎಡೆ ಮುಟ್ಟಿ ಹೋಗಿತ್ತು.

ಸಾಹುಕಾರರ ಸೋದರತ್ತೆ ಸೆರಗಿನಿಂದ ನನ್ನ ಮುಖಕ್ಕೆ ಗಾಳಿ ಹಾಕುತ್ತ ಹೇಳಿದಳು: "ಕಾಗಿದು ಇರಲಿ ಬಿಡ್ರಿ, ಅಯ್ನೋರ ದೀಕ್ಷಾ ಮಾತ್ರ ಚಂದಾಗಿ ಆತು!"

೩. ಪಿಂಜಾರ ಕಾಕಾನ ಕಿವಿ

ನನ್ನ ಒಂದು ಮಾತಿಗೆ ಜನ ಹಸಿದು ಕೂಡುವಂತಾಯಿತಲ್ಲ ಎಂದು ಮನಸ್ಸು ಚುಚ್ಚತೊಡಗಿತು. ನಮ್ಮ ಓಣಿಯಲ್ಲಿ ಬೇವಿನ ಮರದ ಕೆಳಗೆ ಹತ್ತಿ ಹಿಂಜುವ ಪಿಂಜಾರ ಕಾಕಾ ಇದ್ದ. ಮೇಲೆ ಕಾಗೆಗಳು, ಕೆಳಗೆ ಅವನು; ನಲವತ್ತು ವರ್ಷದ ನೆರೆ. ಹೋಗಿ ಕೇಳಿದೆ.

"ಬರೇ ಕೊರಳ ನೋಡಬ್ಯಾಡ್ರಿ ಅಯ್ನೋರೇ, ಬಿಸಿಲಿಗೆ ಮಿಂಚಿ ಮೋಸ ಮಾಡತೈತಿ. ಬೂದಿಗೊರಳಿಂದು ಊರ ಕಾಗಿ, ಮೈ ಸಣ್ಣದು, ದನಿ ತೆಳ್ಳಂದು. ಕರೀದು ಗುಡ್ಡದ ಕಾಗಿ, ಹಣಿ ಎತ್ತರ, ಚುಂಚು ದಪ್ಪ, ಗಂಟಲಾ ಇನ್ನೂ ದಪ್ಪ. ಕಣ್ಣು ಮುಚ್ಚತೀನಿ, ಪರೀಕ್ಷಾ ಮಾಡ್ರಿ ಬೇಕಾದ್ರ."

ಕಣ್ಣು ಮುಚ್ಚಿದ. ಮೇಲೊಂದು ಕೂಗಿತು. "ಊರಂದು." ನೋಡಿದೆ, ಹೌದು. ಇನ್ನೊಂದು ಕೂಗಿತು. "ಗುಡ್ಡದ್ದು." ಹೌದು! ಪೋಥಿ ಪುರಾಣ ಓದಿದ ನನಗೆ ಇಲ್ಲದ ಕಣ್ಣು ಆತನ ಕಿವಿಗೆ ಇತ್ತು.

"ಆದ್ರ ಕಾಕಾ, ಇದರಾಗ ಮೇಲು ಯಾವುದು?"

"ಎರಡನ್ನೂ ಮಾಡಿದಾವ ಒಬ್ಬನೇ. ಮೇಲು ಕೆಳಗು ಆವ ನನಗ ಹೇಳಿಲ್ರೀ. ನಿಮಗ ಹೇಳ್ಯಾನೇನು?"

ಅಷ್ಟರಲ್ಲಿ ಮತ್ತೊಂದು ಕೂಗು ಕೇಳಿತು. ನಾನೂ ಕಣ್ಣು ಮುಚ್ಚಿ, ಜಾಣನಂತೆ, "ಗುಡ್ಡದ್ದು!" ಎಂದೆ.

ಕಾಕಾ ಗಾಬರಿಯಿಂದ ಎದ್ದ. "ಮೆಲ್ಲಕ ಅನ್ರಿ! ನಮ್ಮಾಕಿ ಊಟಕ್ಕ ಕರಿಯಾಕತ್ತಾಳ."

೪. ಮಸ್ಕಿಯ ಎಣ್ಣೆಗಾಯಿ

ಕೊನೆಗೆ ಮಾತು ನನ್ನ ಬಾಗಿಲಿಗೇ ಬಂತು. ನಮ್ಮೂರ ಗಾಡಿ ಹೊಡೆಯುವ ಭಕ್ತನೊಬ್ಬ ತೀರಿಕೊಂಡ. ದೊಡ್ಡ ಮೂಗು, ದಪ್ಪ ದನಿ, ಹೂವಿನಂಥ ಮನಸ್ಸು. ಒಂದೇ ಒಂದು ಕೊರತೆ ಇತ್ತು. ಸತ್ತವರ ಬಗ್ಗೆ ಅದನ್ನೇಕೆ ಎತ್ತುವುದೆಂದು ನಾನು ಸುಮ್ಮನಿದ್ದೆ. ಅವನ ಹೆಂಡತಿ ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಗಂಡನಿಗೆ ಇಷ್ಟವೆಂದು ಎಣ್ಣೆಗಾಯಿ ಬದನೆ ಮಾಡಿ ಎಡೆಗೆ ಇಟ್ಟಿದ್ದಳು.

ಹೊತ್ತು ನೆತ್ತಿಗೆ ಬಂತು. ಬಂಡೆಯ ಮೇಲೆ ಒಂದು ಕಾಗೆ ಇತ್ತು. ಎತ್ತರದ ಹಣೆ, ದಪ್ಪ ಚುಂಚು, ಕೂಗಿದರೆ ದಪ್ಪ ದನಿ. ಈಗ ನನಗೂ ಗೊತ್ತಾಯಿತು: ಗುಡ್ಡದ್ದು. ಅದು ಎಡೆಯತ್ತ ಬಂದಾಗಲೆಲ್ಲ ಆಕೆಯ ಮೈದುನ ಕೋಲು ಬೀಸಿ ಓಡಿಸುತ್ತಿದ್ದ.

"ಬಿಡಪಾ, ಮುಟ್ಟಲಿ. ಆಕಿ ಹಸಿದಾಳ," ಎಂದೆ.

"ಹೆಂಗ ಬಿಡ್ಲಿ? ಬೂದಿಗೊರಳಿಂದೇ ಆಗಬೇಕಂತ ನೀವೇ ಹೇಳೀರಲ್ರೀ!"

"ನಾ ತಪ್ಪಿ ಹೇಳಿದ್ದಪಾ."

"ಲಿಂಗಸೂಗೂರಾಗ ಒಂದು, ಮಸ್ಕ್ಯಾಗ ಒಂದು ಹೇಳಿದ್ರ ಹೆಂಗ್ರೀ? ನಮ್ಮ ಅಣ್ಣಗ ಕಡಿಮಿ ಕಾಗಿ ನಡಿಯಂಗಿಲ್ಲ!"

ಶಿವನೇ, ನನ್ನ ಮಾತು ನನ್ನ ಕೈಗೇ ಸಿಗದು! ಕಣ್ಣು ಮುಚ್ಚಿ ಬೇಡಿಕೊಂಡೆ. ಆಗ ಆ ತಾಯಿ ಮೆಲ್ಲನೆ ಎದ್ದು ಮೈದುನನ ಕೋಲು ಹಿಡಿದಳು.

"ಅಯ್ನೋರೇ, ನೀವು ಸಣ್ಣವರಿದ್ದಾಗಿಂದ ನಿಮ್ಮ ತಂದಿಯವರ ಜೋಡಿ ನಮ್ಮ ಮನಿಗೆ ಬಂದೀರಿ. ನಮ್ಮವರು ಒಂದು ದಿನನಾದ್ರೂ ವಿಭೂತಿ ಹಚ್ಚಿದ್ದು ನೋಡೀರೇನು?"

ಆ ಕೊರತೆಯೇ ಅದು! "ಇಲ್ಲವ್ವಾ," ಎಂದೆ. "ನಾಳೆ ಹಚ್ಚತೀನಿ ಅನ್ನಾವ."

"ಬದುಕಿದ್ದಾಗ ಹಚ್ಚಲಾರದವರು ಸತ್ತ ಮ್ಯಾಲೆ ಹಚ್ಚಿಗೊಂಡು ಬರ್ತಾರೇನು? ಆ ಮೂಗು ನೋಡ್ರಿ, ಆ ದನಿ ಕೇಳ್ರಿ. ಅವರೇ ಬಂದಾರ, ಬಿಡ್ರಿ!"

ಮೈದುನನ ಕೈ ತಾನೇ ಇಳಿಯಿತು. ಕರೀ ಕಾಗೆ ಹಾರಿ ಬಂದು, ಹೋಳಿಗೆ ದಾಟಿ, ಅನ್ನ ದಾಟಿ, ನೇರ ಎಣ್ಣೆಗಾಯಿಗೇ ಚುಂಚು ಹಾಕಿತು. ಆಕೆ ಅಳುತ್ತ ನಕ್ಕಳು.

"ನೋಡ್ರಿ, ಕೈ ಸೈತ ತೊಳಕೊಳ್ಳಲಾರದೆ ಉಣ್ಣಾಕ ಕುಂತಾರ!"

ಅಂದು ಆಕೆ ಹೊಟ್ಟೆತುಂಬ ಉಂಡಳು. ನಾನು ಮಾತ್ರ ಎರಡೆರಡು ಸಲ ಕೈ ತೊಳೆದುಕೊಂಡು ಪಂಕ್ತಿಗೆ ಕುಳಿತೆ.