ಹುಂಜ ಕೂಗಿದ ಮೇಲೆ ಆಟ

ವಿಡಿಯೋ ಗೇಮ್ ಪ್ರಕಟಿಸುವ ಯಾವುದೇ ಸಂಸ್ಥೆಗೆ ಆಟಕ್ಕಿಂತ ಮುಖ್ಯವಾದದ್ದು ಆಟಕ್ಕೆ ಮುಂಚೆ ತೆರೆಯ ಮೇಲೆ ಬರುವ ಲಾಂಛನ. ಇದು ಈಗ ಎಲ್ಲರೂ ಒಪ್ಪಿಕೊಂಡ ವಿಷಯ. ನಮ್ಮ ಸಂಸ್ಥೆ ಶುರುವಾದ ಹೊಸತರಲ್ಲಿ ಇಷ್ಟು ಸರಳವಾದ ಸತ್ಯವೂ ಯಾರಿಗೂ ತಿಳಿದಿರಲಿಲ್ಲ ಎಂಬುದನ್ನು ವಿಷಾದದಿಂದ ದಾಖಲಿಸಬೇಕಾಗಿದೆ.

ನಮ್ಮ ಲಾಂಛನ ಹುಂಜ. ಆಗಿನ ಯಂತ್ರಗಳಿಗೆ ಹೆಚ್ಚು ಚುಕ್ಕಿಗಳನ್ನು ತೋರಿಸುವ ಶಕ್ತಿ ಇರಲಿಲ್ಲ. ಜುಟ್ಟು ಬಿಡಿಸುವಷ್ಟರಲ್ಲಿ ಚುಕ್ಕಿಗಳು ಮುಗಿದುಹೋಗಿ, ಕಾಲುಗಳನ್ನು ಕೈಬಿಡಲಾಗಿತ್ತು. ಕಪ್ಪು ತೆರೆಯ ಮೇಲೆ ಅದು ಒಮ್ಮೆ ಮಿಂಚಿ ಮಾಯವಾಗುತ್ತಿತ್ತು. ಅನೇಕ ಗ್ರಾಹಕರು ನಮ್ಮನ್ನು "ಆ ಹೂಜಿ ಕಂಪನಿಯವರು" ಎಂದು ಗುರುತಿಸುತ್ತಿದ್ದರು. ಹುಂಜ, ಹೂಜಿ ಎರಡೂ ಹೆಚ್ಚುಕಡಿಮೆ ಒಂದೇ ಎಂದುಕೊಂಡು ನಾವೂ ಸುಮ್ಮನಿದ್ದೆವು.

ಆಟಗಳನ್ನು ಬರೆಯುತ್ತಿದ್ದವನು ಒಬ್ಬನೇ. ಯಾರು ಏನೆಂದರೂ ಬಿಸಿಯಾಗದವನಾದ್ದರಿಂದ ಕಚೇರಿಯಲ್ಲಿ ಅವನನ್ನು ತಣ್ಣೀರು ಎಂದೇ ಕರೆಯುತ್ತಿದ್ದರು. ಸಣ್ಣಪುಟ್ಟ ಆಟಗಳ ನಡುವೆ ಬಿಡುವು ಮಾಡಿಕೊಂಡು ಅವನು ಒಂದು ದೊಡ್ಡ ಆಟವನ್ನು ಬರೆಯುತ್ತಿದ್ದ. ದಾರಿ ತಪ್ಪಿದ ಬೆಕ್ಕೊಂದು ಮನೆ ಸೇರುವ ಆಟ. ಬೆಕ್ಕು ಸೂರಿನಿಂದ ಸೂರಿಗೆ ನೆಗೆಯಬೇಕು, ಮೀನು ಮಾರುವ ಬೀದಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕು, ನಾಯಿಗಳು ಮಲಗಿರುವ ಸೇತುವೆಯನ್ನು ಸದ್ದಿಲ್ಲದೆ ದಾಟಬೇಕು, ಕೊನೆಗೆ ದೀಪ ಉರಿಯುತ್ತಿರುವ ಒಂದು ಕಿಟಕಿಯಿಂದ ಒಳಗೆ ಹಾರಬೇಕು. ಬರೆದಷ್ಟನ್ನು ಅವನು ಮನೆಗೆ ಒಯ್ದು ಅಮ್ಮನ ಕೈಯಲ್ಲಿ ಆಡಿಸುತ್ತಿದ್ದ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವರು. ಹುಂಜ ಬಂದು ಹೋಗುವಷ್ಟರಲ್ಲಿ ಸೂಜಿಗೆ ದಾರ ಪೋಣಿಸುವಷ್ಟೂ ಹೊತ್ತು ಅವರಿಗೆ ಸಿಗುತ್ತಿರಲಿಲ್ಲ. ಕೂತ ಕೂಡಲೇ ಬೆಕ್ಕು ಬಂದುಬಿಡುತ್ತಿತ್ತು. ಎಂಥ ಕಾಲ!

ಹೀಗಿರುವಾಗ ಒಂದು ಭಾನುವಾರ ಸಂಸ್ಥೆಯ ಯಜಮಾನರ ಮನೆಗೆ ಅವರ ಭಾವಮೈದುನ ಊಟಕ್ಕೆ ಬಂದ. ಹಲವು ಉದ್ಯೋಗಗಳನ್ನು ಬಿಟ್ಟು ಅನುಭವ ಪಡೆದಿದ್ದ ಅವನು ಆಗ ಬಿಡಲು ಇನ್ನೊಂದು ಉದ್ಯೋಗ ಹುಡುಕುತ್ತಿದ್ದ. ಯಜಮಾನರು ಉತ್ಸಾಹದಿಂದ ಹೊಸ ಆಟವನ್ನು ಹಾಕಿ ತೋರಿಸಿದರು. ಅದೇ ಹೊತ್ತಿಗೆ ಅವನು ಸೀನಿದ.

"ಭಾವ, ನಿಮ್ಮ ಕಂಪನಿ ಎಲ್ಲಿ?"

"ಈಗ ತಾನೇ ಬಂದು ಹೋಯ್ತಲ್ಲಪ್ಪಾ."

"ನಾನು ಸೀನ್ತಾ ಇದ್ದೆ. ಒಂದು ಸೀನಿಗೆ ಹೋಗಿಬಿಡೋ ಕಂಪನಿ ಎಂಥ ಕಂಪನಿ ಭಾವ? ಊರಲ್ಲಿ ನೆಗಡಿ ಇರೋ ಜನ ಎಷ್ಟಿದ್ದಾರೆ, ಸ್ವಲ್ಪ ಯೋಚನೆ ಮಾಡಿ."

ಯಜಮಾನರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವರ ಹೆಂಡತಿ, "ಇಷ್ಟೆಲ್ಲ ತಲೆ ಇಟ್ಕೊಂಡು ನನ್ನ ತಮ್ಮ ಮನೇಲಿ ಕೂತಿದ್ದಾನೆ ನೋಡಿ" ಎಂದು ಪಾತ್ರೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟರು.

ಸೋಮವಾರ ಲಾಂಛನ ವಿಭಾಗ ಸ್ಥಾಪನೆಯಾಯಿತು. ಭಾವಮೈದುನ ನಿರ್ದೇಶಕನಾಗಿ ಅಧಿಕಾರ ವಹಿಸಿಕೊಂಡ. ಆ ಕ್ಷಣದಿಂದ ಅವರನ್ನು ಬಹುವಚನದಲ್ಲಿ ಉಲ್ಲೇಖಿಸಲಾಗುತ್ತಿದೆ.

ನಿರ್ದೇಶಕರ ಮೊದಲ ಸುತ್ತೋಲೆ ಹೀಗಿತ್ತು: "ಒಬ್ಬ ಸಾಧಾರಣ ನಾಗರಿಕನು ಸೀನಿ, ಮೂಗೊರೆಸಿಕೊಂಡು, ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟು, ತಲೆಯೆತ್ತಿ ನೋಡುವವರೆಗೆ ಹುಂಜವು ತೆರೆಯ ಮೇಲೆ ಇರತಕ್ಕದ್ದು." ಇದನ್ನು ಜಾರಿಗೆ ತರಲು ಒಬ್ಬ ಚಿತ್ರಗಾರ್ತಿಯನ್ನು ನೇಮಿಸಿಕೊಳ್ಳಲಾಯಿತು. ಆಕೆ ಹುಂಜಕ್ಕೆ ಮೊದಲ ಸಲ ಕಾಲು ಬರೆದಳು. ಆ ದಿನ ಕಚೇರಿಯಲ್ಲಿ ಸಿಹಿ ಹಂಚಿದರು.

ಕಾಲು ಬಂದ ಮೇಲೆ ದನಿ ಬೇಕಾಯಿತು. ನಿಜವಾದ ಹುಂಜವೊಂದನ್ನು ತಂದು ಧ್ವನಿಮುದ್ರಣದ ಕೋಣೆಯಲ್ಲಿ ಬಿಡಲಾಯಿತು. ಅದು ಮೈಕನ್ನು ಒಮ್ಮೆ ಕುಕ್ಕಿ ನೋಡಿ, ತಿನ್ನುವ ವಸ್ತುವಲ್ಲವೆಂದು ಖಚಿತಪಡಿಸಿಕೊಂಡು, ಕಣ್ಣು ಮುಚ್ಚಿಕೊಂಡಿತು. ಬೆಳಗಿನಿಂದ ಕಾದು ಕಾದು ತಾಳ್ಮೆಗೆಟ್ಟ ನಿರ್ದೇಶಕರು ಒಳಗೆ ನುಗ್ಗಿ, "ಹೀಗೆ ಕೂಗಪ್ಪಾ, ಹೀಗೆ!" ಎಂದು ಕುತ್ತಿಗೆ ಉದ್ದ ಮಾಡಿ ತಾವೇ ಒಂದು ಸಲ ಕೂಗಿ ತೋರಿಸಿದರು. ಹುಂಜ ಹೌಹಾರಿ ಕಪಾಟಿನ ಮೇಲಕ್ಕೆ ಹಾರಿತು. ಯಂತ್ರ ಮಾತ್ರ ಚಾಲೂ ಇತ್ತು.

ಧ್ವನಿಮುದ್ರಿಕೆಯನ್ನು ಯಜಮಾನರು ಎರಡು ಸಲ ಹಾಕಿಸಿ ಕೇಳಿದರು. ಆಮೇಲೆ, "ಇದರಲ್ಲಿ ಏನೋ ಒಂದು ಅಧಿಕಾರ ಇದೆ" ಎಂದರು.

"ಸರ್, ಇದು ಹುಂಜದ ಥರ ಕೇಳಿಸಲ್ವಲ್ಲ" ಎಂದಳು ಚಿತ್ರಗಾರ್ತಿ.

"ಹುಂಜಕ್ಕೆ ಕೂಗೋಕೆ ಬರಲ್ಲಮ್ಮ" ಎಂದರು ನಿರ್ದೇಶಕರು. "ನೀವೇ ಕಣ್ಣಾರೆ ನೋಡಿದ್ರಲ್ಲ."

ಅಂದಿನಿಂದ ನಿರ್ದೇಶಕರು ಕಚೇರಿಗೆ ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಬರತೊಡಗಿದರು. ತಣ್ಣೀರಿನ ಅಮ್ಮ ಹುಂಜ ಕೂಗಿ ಮುಗಿಸುವಷ್ಟರಲ್ಲಿ ಒಂದು ಗುಂಡಿ ಹೊಲಿದು ಮುಗಿಸುತ್ತಿದ್ದರು.

ಈ ಹಂತದಲ್ಲಿ ಗ್ರಾಹಕರ ನಡವಳಿಕೆಯಲ್ಲಿ ಒಂದು ದೋಷ ಕಂಡುಬಂತು. ಹುಂಜ ಬಂದ ಕೂಡಲೇ ಅವರು ಗುಂಡಿ ಒತ್ತಿ ಮುಂದಕ್ಕೆ ಹಾರುತ್ತಿದ್ದರು. ನಿರ್ದೇಶಕರು ಒಂದು ಅಂಗಡಿಯಲ್ಲಿ ಇದನ್ನು ಕಣ್ಣಾರೆ ಕಂಡು, ತಮ್ಮ ದನಿ 'ಕೊಕ್ಕೊ' ಎಂಬಲ್ಲೇ ಕತ್ತರಿಸಿಹೋದದ್ದನ್ನು ಕಿವಿಯಾರೆ ಕೇಳಿ, ಎದೆ ಹಿಡಿದುಕೊಂಡು ಹಿಂತಿರುಗಿದರು. ಪ್ರಕಟಣೆ ಹೊರಬಿತ್ತು:

"ಗ್ರಾಹಕರ ಗಮನಕ್ಕೆ. ಲಾಂಛನ ಪ್ರದರ್ಶನದ ವೇಳೆ ಗುಂಡಿ ಒತ್ತುವುದು ಸಂಸ್ಥೆಗೆ ತೋರುವ ಅಗೌರವವಾಗಿರುತ್ತದೆ. ಒತ್ತಿದಲ್ಲಿ, ಹುಂಜವು ಸದರಿ ಅಗೌರವವನ್ನು ಗಮನಿಸಿ, ಒಮ್ಮೆ ದುರುಗುಟ್ಟಿ ನೋಡಿ, ಮೊದಲಿನಿಂದ ಪ್ರಾರಂಭಿಸತಕ್ಕದ್ದು."

ದುರುಗುಟ್ಟುವ ಕಣ್ಣನ್ನು ಚಿತ್ರಗಾರ್ತಿ ಬರೆದಳು, ಮೊದಲಿನಿಂದ ಶುರುವಾಗುವ ಏರ್ಪಾಟನ್ನು ತಣ್ಣೀರು ಬರೆದ. ಆ ಸಂಜೆ ಅಮ್ಮ ಅಭ್ಯಾಸಬಲದಿಂದ ಗುಂಡಿ ಒತ್ತಿದರು. ಹುಂಜ ದುರುಗುಟ್ಟಿತು. ಮತ್ತೆ ಒತ್ತಿದರು. ಮತ್ತೆ ದುರುಗುಟ್ಟಿತು.

"ಏನೋ ಇದು, ನಾನೇನು ಮಾಡ್ದೆ ಅಂತ ಹೀಗೆ ನೋಡುತ್ತೆ?"

"ಕೈ ಕಟ್ಕೊಂಡು ಕೂತ್ಕೋಬೇಕಮ್ಮ. ಆಮೇಲೆ ಬೆಕ್ಕು ಬರುತ್ತೆ."

"ಕೈ ಕಟ್ಕೊಂಡು ಯಾಕೆ ಕೂರ್ಲಿ" ಎಂದು ಅಮ್ಮ ಒಂದು ಕಾಲರ್ ಹೊಲಿದರು.

ಯಂತ್ರಗಳು ಬಲಗೊಂಡವು. ಹುಂಜಕ್ಕೆ ಗರಿಗಳು ಬಂದವು, ಪ್ರತಿ ಗರಿಗೂ ನೆರಳು ಬಂತು, ನೆರಳಿಗೆ ಪ್ರತ್ಯೇಕ ಉಪವಿಭಾಗ ಬಂತು. ಹುಂಜ ಈಗ ಬೆಟ್ಟದಾಚೆಯಿಂದ ನಡೆದು ಬರುತ್ತಿತ್ತು. ಅದು ಬೆಟ್ಟದಾಚೆಗೆ ಯಾಕೆ ಹೋಗಿತ್ತೆಂದು ಯಜಮಾನರು ಕೇಳಿದ್ದರಿಂದ ಅದರ ಬಾಲ್ಯವನ್ನೂ, ಮೊಟ್ಟೆಯಲ್ಲಿದ್ದಾಗಿನ ದಿನಗಳನ್ನೂ ಸೇರಿಸಲಾಯಿತು. ಗರಿಗಳನ್ನು ಲೆಕ್ಕ ಹಾಕಿ ಹಾಕಿ ಯಂತ್ರ ಎಷ್ಟು ಕಾಯುತ್ತಿತ್ತೆಂದರೆ ಗ್ರಾಹಕರು ಅದರ ಮೇಲೆ ಒದ್ದೆ ಕಾಲುಚೀಲ ಒಣಹಾಕಲು ಶುರುಮಾಡಿದರು. ಇದನ್ನು ಹೆಚ್ಚುವರಿ ಸೌಲಭ್ಯವೆಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದೆವು.

ಗರಿ ಅಲುಗಾಡಲು ಬೇಕಾದ ಗಾಳಿಯ ಲೆಕ್ಕವನ್ನು ಬೇರೊಂದು ಕಂಪನಿಯಿಂದ ತರಿಸಿಕೊಂಡಿದ್ದೆವು. ಆ ಕಂಪನಿಯವರು ತಮ್ಮ ಬೀಸಣಿಗೆ ಲಾಂಛನ ಹುಂಜಕ್ಕಿಂತ ಮುಂಚೆ ಬರಬೇಕೆಂದು ಹಟ ಹಿಡಿದರು. ದನಿಯನ್ನು ತಿದ್ದಿಕೊಟ್ಟ ಕಂಪನಿಯ ಗಂಟೆ, ಬೀಸಣಿಗೆಗಿಂತ ತಾನು ಹಿರಿಯ ಎಂದಿತು. ಡಬ್ಬಿ ಮಾಡಿಕೊಡುವ ಕಂಪನಿಗೆ ಲಾಂಛನವೇ ಇರಲಿಲ್ಲ; ಅವಮಾನ ತಡೆಯಲಾರದೆ ಅವರು ಒಂದು ಆಮೆಯನ್ನು ಮಾಡಿಸಿಕೊಂಡು ಬಂದರು. ವಕೀಲರ ನಡುವೆ ಮಾತುಕತೆ ನಡೆದು ಒಪ್ಪಂದವಾಯಿತು: ಹುಂಜವೇ ಒಂದೊಂದು ಲಾಂಛನದ ಮನೆಗೂ ಹೋಗಿ, ಬಾಗಿಲು ತಟ್ಟಿ, ಕ್ಷೇಮ ವಿಚಾರಿಸಿ, ಎಲ್ಲರನ್ನೂ ಕರೆದುಕೊಂಡು ಬರತಕ್ಕದ್ದು; ಕೊನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಒಂದು ಗುಂಪು ಚಿತ್ರ ತೆಗೆಸಿಕೊಳ್ಳತಕ್ಕದ್ದು. ಆಮೆಯ ಮನೆ ಕಡೆಯಲ್ಲಿದ್ದುದರಿಂದಲೂ, ಅದು ಬರುವುದಕ್ಕೆ ಎಲ್ಲರೂ ಕಾಯಬೇಕಾದುದರಿಂದಲೂ ತಣ್ಣೀರಿನ ಅಮ್ಮನಿಗೆ ಇಡೀ ಅಂಗಿ ಹೊಲಿದು ಇಸ್ತ್ರಿ ಮಾಡುವಷ್ಟು ಸಮಯ ದೊರೆಯಿತು. ನೆರೆಮನೆಯವರು ಅವರ ಕೈ ಚುರುಕಾಗಿದೆ ಎಂದು ಹೊಗಳತೊಡಗಿದರು.

ಆಗ ಡಿಸ್ಕ್ ತುಂಬಿತು.

"ಜಾಗ ಇಲ್ಲ ಸರ್" ಎಂದ ತಣ್ಣೀರು, ಸಭೆಯಲ್ಲಿ.

"ಯಾಕೆ? ಏನೇನಿದೆ ಅದರಲ್ಲಿ?"

"ಹುಂಜ ಇದೆ."

"ಹೌದು, ಮತ್ತೆ?"

"ನನ್ನ ಆಟ ಇದೆ."

"ಓ! ಆಟ ಇನ್ನೂ ಇದೆಯಾ?" ನಿರ್ದೇಶಕರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಇರಲಿ, ಇರಲಿ. ನಾವೇನು ಆಟದ ವಿರೋಧಿಗಳಲ್ಲ. ಆ ಸೇತುವೆ ಒಂದನ್ನ ತೆಗೀರಿ."

"ಸೇತುವೆ ಇಲ್ದೆ ಬೆಕ್ಕು ಮನೆಗೆ ಹೋಗೋದು ಹೇಗೆ ಸರ್?"

ನಿರ್ದೇಶಕರು ಯೋಚಿಸಿದರು. "ಮನೆಯನ್ನೂ ತೆಗೆದುಬಿಡಿ. ಆಮೇಲೆ ಅದು ಹೋಗೋ ಅಗತ್ಯವೇ ಬೀಳಲ್ಲ."

"ಎಂಥ ಮಾನವೀಯ ಪರಿಹಾರ" ಎಂದರು ಯಜಮಾನರು.

ಸೇತುವೆ ಹೋಯಿತು, ದೀಪದ ಕಿಟಕಿ ಹೋಯಿತು. ಮುಂದಿನ ವಾರ ಆಮೆಯ ಚಿಪ್ಪಿಗೆ ಹೊಳಪು ಬೇಕಾಗಿ ಸೂರುಗಳೂ ಮೀನಿನ ಬೀದಿಯೂ ಹೋದವು. ಅಮ್ಮ ಅಂಗಿ ಮಡಿಸಿಟ್ಟು ತಲೆಯೆತ್ತಿದಾಗ ತೆರೆಯ ಮೇಲೆ ಬೆಕ್ಕು ಬರೀ ನೆಲದಲ್ಲಿ ಕೂತು ಅವರನ್ನೇ ನೋಡುತ್ತಿತ್ತು.

"ಪಾಪ, ಅದಕ್ಕೆ ಹಸಿವಾಗಲ್ವೇನೋ?"

"ಆಗುತ್ತಮ್ಮ" ಎಂದು ತಣ್ಣೀರು ತಟ್ಟೆಯ ಮುಂದಿನಿಂದ ಎದ್ದು ಕೈ ತೊಳೆದುಕೊಂಡ. ಅನ್ನ ಅರ್ಧಕ್ಕರ್ಧ ಹಾಗೇ ಇತ್ತು. ಈ ವಿಷಯ ಸಂಸ್ಥೆಯ ಗಮನಕ್ಕೆ ಬಂದಿರಲಿಲ್ಲ.

ಕೊನೆಯ ಸಭೆಯಲ್ಲಿ ಜುಟ್ಟಿನ ಕೆಂಪನ್ನು ಇನ್ನಷ್ಟು ಕೆಂಪಾಗಿಸುವ ವಿಚಾರ ಬಂತು. ಉಳಿದದ್ದು ಬೆಕ್ಕೊಂದೇ.

"ಆಗಲ್ಲ ಸರ್" ಎಂದ ತಣ್ಣೀರು.

ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಚಿತ್ರಗಾರ್ತಿ ಪೆನ್ಸಿಲ್ ಕೆಳಗಿಟ್ಟಳು. ಯಜಮಾನರು ಭಾವಮೈದುನನ ಮುಖ ನೋಡಿದರು, ನಿರ್ದೇಶಕರು ತಣ್ಣೀರಿನ ಮುಖ ನೋಡಿದರು.

"ಅಯ್ಯೋ, ತಣ್ಣೀರು ಕುದೀತಾ ಇದೆಯಲ್ರೀ!" ಎಂದರು ನಿರ್ದೇಶಕರು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ನಗುವಾಗ ತಾನೊಬ್ಬ ಮುಖ ಬಿಗಿದುಕೊಂಡು ಕೂರುವುದು ಚೆನ್ನಾಗಿರುವುದಿಲ್ಲವೆಂದು ತಣ್ಣೀರೂ ನಕ್ಕ. ಆ ನಗುವನ್ನು ಒಪ್ಪಿಗೆಯೆಂದು ನಡಾವಳಿಯಲ್ಲಿ ನಮೂದಿಸಲಾಯಿತು.

ಅವನು ಬೆಕ್ಕನ್ನು ತೆಗೆದ. ಪೂರ್ತಿ ತೆಗೆದ ಎನ್ನಲಾಗದು. ಗುಂಪು ಚಿತ್ರ ಮುಗಿದು ತೆರೆ ಕಪ್ಪಾಗುವಾಗ ಮೂಲೆಯಲ್ಲಿ ಬಾಲದ ತುದಿ ಒಮ್ಮೆ ಅಲ್ಲಾಡುತ್ತಿತ್ತು.

"ಅದೇನು ಮೂಲೇಲಿ?" ಎಂದಳು ಚಿತ್ರಗಾರ್ತಿ.

"ಯಾವುದು?"

ಆಕೆ ಕಣ್ಣುಜ್ಜಿಕೊಂಡಳು. "ಏನಿಲ್ಲ ಬಿಡಿ. ನನ್ನ ಕಣ್ಣಿಗೆ ದೂಳು ಬಿದ್ದಿರಬೇಕು."

ಬಿಡುಗಡೆಯ ದಿನ ಅಂಗಡಿಗಳ ಮುಂದೆ ಹಾಕಲು ಫಲಕ ಕಳಿಸಿದೆವು: "ಈ ಬಾರಿಯ ಆಟದಲ್ಲಿ ಆಟವಿರುವುದಿಲ್ಲ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ." ಕಲ್ಲು ಬೀಳಬಹುದೆಂದು ಕಚೇರಿಯ ಕಿಟಕಿಗಳನ್ನು ಮುಚ್ಚಿ, ಯಜಮಾನರನ್ನು ಒಳಕೋಣೆಯಲ್ಲಿ ಕೂರಿಸಿದೆವು. ಆದರೆ ಗ್ರಾಹಕರು ಸಹಕರಿಸಿದರು. ಬೀದಿಯ ತುದಿವರೆಗೆ ಸಾಲು ನಿಂತಿತು. ಮನೆಮನೆಯಲ್ಲೂ ಕೈ ಕಟ್ಟಿಕೊಂಡು ಹುಂಜವನ್ನು ನೋಡಿದರು. ಗುಂಡಿ ಒತ್ತದೆ ಕೊನೆಯವರೆಗೆ ಕೂತವರು ತಾವು ಗೆದ್ದೆವೆಂದು ಬೀಗಿದರು. ಒತ್ತಿದವರು ಸೋತೆವೆಂದು ಒಪ್ಪಿಕೊಂಡು ಮೊದಲಿನಿಂದ ನೋಡಿದರು. ಶಾಲೆಗಳಲ್ಲಿ ಮಕ್ಕಳು ಆಮೆ ಬರುತ್ತದೋ ಇಲ್ಲವೋ ಎಂದು ಪಂದ್ಯ ಕಟ್ಟಿದರು. ಒಬ್ಬ ವಿಮರ್ಶಕರು, "ಈ ಸಂಸ್ಥೆಯ ಆಟಗಳಲ್ಲೇ ಅತ್ಯಂತ ಕಡಿಮೆ ದೋಷಗಳಿರುವ ಆಟ" ಎಂದು ಬರೆದರು. ವರ್ಷದ ಶ್ರೇಷ್ಠ ಆಟದ ಪ್ರಶಸ್ತಿ ಬಂತು. ವೇದಿಕೆಯ ಮೇಲೆ ನಿರ್ದೇಶಕರಿಗೆ ಭಾವಾವೇಶದಿಂದ ಮಾತೇ ಹೊರಡದೆ, ಅವರು ಕೂಗಿದರು. ಸಭಿಕರೆಲ್ಲ ಎದ್ದು ನಿಂತು ತಿರುಗಿ ಕೂಗಿದರು. ಯಜಮಾನರ ಹೆಂಡತಿ ಕಣ್ಣೊರೆಸಿಕೊಂಡು, "ಚಿಕ್ಕಂದಿನಿಂದಲೂ ಇವನು ಹೀಗೇ" ಎಂದರು.

ಬಂದ ದೂರು ಒಂದೇ ಒಂದು. ಕುಟುಂಬವೊಂದರ ಹಿರಿಯರು ಬರೆದಿದ್ದರು: "ಎಲ್ಲವೂ ಚೆನ್ನಾಗಿದೆ. ಆದರೆ ಮುಗಿಯುವಾಗ ಬಲಗಡೆ ಮೂಲೆಯಲ್ಲಿ ಬಾಲದಂಥದ್ದೇನೋ ಅಲ್ಲಾಡುತ್ತದೆ. ಇನ್ನೇನೋ ಶುರುವಾಗುತ್ತದೆ ಅನ್ನಿಸಿ ನಮ್ಮ ಮನೆಯವರಿಗೆಲ್ಲ ಗಾಬರಿಯಾಗಿದೆ. ದಯವಿಟ್ಟು ಕ್ರಮ ಕೈಗೊಳ್ಳಿ."

ತುರ್ತು ಸಭೆ ಸೇರಿತು. ಸಂಸ್ಥೆ ಸಾರ್ವಜನಿಕವಾಗಿ ಕ್ಷಮೆ ಕೇಳಿತು. "ಇದನ್ನ ಸರಿ ಮಾಡೋರು ಯಾರು?" ಎಂದು ನಿರ್ದೇಶಕರು ಕೇಳುವ ಮೊದಲೇ ತಣ್ಣೀರು ಕೈಯೆತ್ತಿದ್ದ. ಬಾಲದ ತುದಿಯನ್ನು ಅವನೇ ಒರೆಸಿದ, ಅಚ್ಚುಕಟ್ಟಾಗಿ. ಅವನಿಗೆ ಮುಕ್ತಾಯ ಅಧಿಕಾರಿಯಾಗಿ ಬಡ್ತಿ ಕೊಟ್ಟು, ಕಿಟಕಿಯ ಪಕ್ಕದ ಕುರ್ಚಿ ಕೊಡಲಾಯಿತು.

"ಬೇಜಾರಾಗಿಲ್ವಾ ನಿಮಗೆ?" ಎಂದು ಚಿತ್ರಗಾರ್ತಿ ಮೆಲ್ಲಗೆ ಕೇಳಿದಳು.

"ಮೊದಲು ಆಯ್ತು" ಎಂದ ತಣ್ಣೀರು. "ಆಮೇಲೆ ಆ ಕಾಗದ ಇನ್ನೊಂದು ಸಲ ಓದಿದೆ. ನಾನು ಇಷ್ಟು ವರ್ಷ ಮಾಡಿದ್ರಲ್ಲಿ ಯಾರಾದ್ರೂ ಏನಾದ್ರೂ ಗಮನಿಸಿ ಬರೆದದ್ದು ಇದೇ ಮೊದಲು. ನೋಡಿ, ಬಲಗಡೆ ಅಂತ ಎಷ್ಟು ಸರಿಯಾಗಿ ಬರೆದಿದ್ದಾರೆ!" ಕಾಗದವನ್ನು ಅವನು ಜೇಬಿನಲ್ಲಿಟ್ಟುಕೊಂಡ.

ತಿದ್ದಿದ ಆವೃತ್ತಿಯನ್ನು ಊರಿನ ದೊಡ್ಡ ಸಭಾಂಗಣದಲ್ಲಿ ತೋರಿಸಿದಾಗ ತಣ್ಣೀರು ಅಮ್ಮನನ್ನು ಕರೆದುಕೊಂಡು ಬಂದ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತರು. ಹುಂಜ ಮೊಟ್ಟೆಯಿಂದ ಹೊರಬಂತು, ಬೆಟ್ಟ ಹತ್ತಿತು, ಬಾಗಿಲು ಬಾಗಿಲು ತಟ್ಟಿತು, ಆಮೆ ಬಂತು, ಎಲ್ಲರೂ ಸಾಲಾಗಿ ನಿಂತರು, ತೆರೆ ಕಪ್ಪಾಯಿತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಮ್ಮನೂ ಎದ್ದು ತಟ್ಟಿದರು. ಗದ್ದಲದಲ್ಲಿ ಮಗನ ಕಿವಿಯ ಹತ್ತಿರ ಬಾಗಿ ಕೇಳಿದರು:

"ಇದ್ರಲ್ಲಿ ನೀನು ಮಾಡಿದ್ದು ಯಾವುದೋ?"

"ಕೊನೇಲಿ, ಮೂಲೇಲಿ, ಏನೂ ಕಾಣಿಸಲಿಲ್ವಲ್ಲಮ್ಮ, ಅದು."

"ಹೌದಾ!" ಎಂದು ಅಮ್ಮ ಮತ್ತೊಮ್ಮೆ ತೆರೆಯತ್ತ ತಿರುಗಿ, ಆ ಮೂಲೆಯನ್ನೇ ಗಮನವಿಟ್ಟು ನೋಡಿದರು. "ತುಂಬ ಚೆನ್ನಾಗಿ ಬಂದಿದೆ ಕಣೋ."